ಅಕ್ಕನ ಕಡೆಯ ಸ್ಪ್ರಿಂಗ್

ನಮ್ಮ ಭಾವ ಮುರುಗೇಂದ್ರಪ್ಪನವರಿಗೆ ‘ತಪ್ಪಾಯ್ತು’ ಎಂಬ ಮಾತು ಬರುವುದಿಲ್ಲ. ಕನ್ನಡ ಬರುತ್ತದೆ, ಗಡಿಯಾಚೆಯ ಶೇಂಗಾ ವ್ಯಾಪಾರಿಗಳ ಜೊತೆ ಜಗಳವಾಡುವಷ್ಟು ತೆಲುಗು ಬರುತ್ತದೆ, ನಮ್ಮೂರು ಚಳ್ಳಕೆರೆಯ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಉರ್ದು ಬರುತ್ತದೆ. ಆ ಒಂದು ಮಾತು ಮಾತ್ರ ಯಾವ ಭಾಷೆಯಲ್ಲೂ ಬಾಯಿಗೆ ಬರುವುದಿಲ್ಲ. ಅದನ್ನು ಹೇಳಲೇಬೇಕಾದ ಸಂದರ್ಭ ಬಂದಾಗಲೆಲ್ಲ ಅವರು ಸ್ಪ್ಯಾನರ್ ಹಿಡಿದುಕೊಂಡು ಮನೆಯ ಯಾವುದಾದರೂ ಸಾಮಾನನ್ನು ರಿಪೇರಿ ಮಾಡಲು ಕೂರುತ್ತಾರೆ.

ಅವರ ಹೆಂಡತಿ ಸುಲೋಚನಮ್ಮ ನನ್ನ ಒಡಹುಟ್ಟಿದ ಅಕ್ಕ. ನಾನು ಪಕ್ಕದ ಬೀದಿಯಲ್ಲೇ ಬೋರ್‌ವೆಲ್ ಪೈಪಿನ ಅಂಗಡಿ ಇಟ್ಟುಕೊಂಡಿದ್ದೇನೆ. ಹಾಗಾಗಿ ಅವರ ಮನೆಯ ಯಾವ ಸಾಮಾನು ಯಾವ ಜಗಳದಲ್ಲಿ ಕೆಟ್ಟಿತು, ಅಂದರೆ ರಿಪೇರಿಯಾಯಿತು, ಎಂಬುದೆಲ್ಲ ನನಗೆ ಗೊತ್ತು. ನಮ್ಮ ತವರಿನ ಮದುವೆಯೊಂದನ್ನು ಭಾವ ಮರೆತ ವರ್ಷ ಮಿಕ್ಸಿ ರಿಪೇರಿಯಾಗಿ ಚಟ್ನಿ ಚಾವಣಿಗೆ ಹತ್ತಿತು. ಅಕ್ಕನ ಪಾಯಸಕ್ಕೆ ನೆಂಟರ ಎದುರು ಹೆಸರಿಟ್ಟ ವರ್ಷ ಬಚ್ಚಲಿನ ನಲ್ಲಿ ರಿಪೇರಿಯಾಯಿತು. ಇವತ್ತಿಗೂ ಅದು ಊರಿನ ಎಲ್ಲ ನಲ್ಲಿಗಳಿಗೆ ಉಲ್ಟಾ ತಿರುಗುತ್ತದೆ. ಆ ಮನೆಗೆ ಬಂದ ನೆಂಟರು ಕೈ ತೊಳೆಯಲು ಒಳಗೆ ಹೋಗಿ ಪೂರ್ತಿ ನೆಂದು ಹೊರಗೆ ಬರುತ್ತಾರೆ.

ಅಕ್ಕ ಇದನ್ನೆಲ್ಲ ಸಹಿಸಿಕೊಂಡಳು. ಸಹಿಸದೆ ಹೋದದ್ದು ಯುಗಾದಿಯ ಮಾರನೇ ದಿನ ಬಸ್ ಸ್ಟ್ಯಾಂಡಿನ ಮುಂದೆ ನಡೆದದ್ದನ್ನು.

ಭಾವನ ಹತ್ತಿರ ಒಂದು ಹಳೇ ಪದ್ಮಿನಿ ಕಾರಿದೆ. ಮಂಡಿಯಲ್ಲಿ ಶೇಂಗಾ ಅಂಗಡಿ ನಡೆಸುತ್ತಿದ್ದ ಕಾಲದಲ್ಲಿ ಕೊಂಡದ್ದು. ಅಂಗಡಿ ಮುಚ್ಚಿದರೂ ಕಾರು ಬಿಡಲಿಲ್ಲ. ವಯಸ್ಸಾದ ಮೇಲೆ ಅದರ ಮುಂದಿನ ಸ್ಪ್ರಿಂಗುಗಳು ಕುಸಿದು, ರಸ್ತೆಯ ಪ್ರತಿಯೊಂದು ಹಂಪನ್ನೂ ಅದು ಹೊಟ್ಟೆಯಿಂದ ಮುಟ್ಟಿ ಮಾತಾಡಿಸಿಕೊಂಡೇ ಹೋಗುತ್ತಿತ್ತು. ಅವತ್ತು ಹಬ್ಬದ ಊಟ ಮುಗಿಸಿ ನೆಂಟರ ಮನೆಯಿಂದ ಬರುವಾಗ ಬಸ್ ಸ್ಟ್ಯಾಂಡಿನ ಮುಂದೆ, ಹಾಲೇಶಪ್ಪನ ಟೀ ಅಂಗಡಿ ಎದುರಿನ ಹಂಪಿನಲ್ಲಿ ಕಾರು ‘ಧಡಕ್’ ಎಂದು ಕೂತಿತು. ಟೀ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಭಾವ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿದು, ಸೊಂಟದ ಮೇಲೆ ಕೈಯಿಟ್ಟು, ಎಡಕ್ಕೆ ವಾಲಿದ್ದ ಕಾರಿನ ಮುಖವನ್ನು ನೋಡಿದರು. ಆಮೇಲೆ ಅಷ್ಟು ಜನರಿಗೂ ಕೇಳುವಂತೆ ಹೇಳಿದರು:

“ಸುಲೋಚನಾ, ನೀನು ಕೂರೋ ಕಡೇನೇ ಕೂತ್ಬಿಟ್ಟೈತೆ ನೋಡು!”

ನನ್ನ ಅಕ್ಕ ದಪ್ಪಗಿದ್ದಾಳೆ. ಅದು ಅವಳಿಗೂ ಗೊತ್ತು, ಊರಿಗೂ ಗೊತ್ತು, ಹೇಳಬೇಕಾದ ಸಂಗತಿಯೇ ಅಲ್ಲ. ಅವಳು ಕಾರಿನಿಂದಿಳಿದು, ಸೆರಗು ಸರಿಮಾಡಿಕೊಂಡು, ಆಟೋ ಹತ್ತಿ ಮನೆಗೆ ಹೋದಳು. ಅವತ್ತಿನಿಂದ ಆ ಕಾರಿನಲ್ಲಿ ಕೂರಲಿಲ್ಲ.

ನೀವು ಅಂದುಕೊಳ್ಳಬಹುದು, ಕಾರು ಬಿಟ್ಟರೆ ಬಸ್ಸಿದೆ, ಇದರಲ್ಲೇನು ದೊಡ್ಡ ಸಂಗತಿ ಎಂದು. ನಮ್ಮ ತಂಗಿ ದಾಕ್ಷಾಯಿಣಿಯನ್ನು ಮೊಳಕಾಲ್ಮೂರಿಗೆ ಕೊಟ್ಟಿದ್ದೇವೆ. ಅಕ್ಕ ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗಬೇಕು. ಈಗ ಅಕ್ಕ ಬಸ್ಸಿನಲ್ಲಿ ಹೋಗುತ್ತಾಳೆ, ಭಾವ ಅದೇ ಬಸ್ಸಿನ ಹಿಂದೆ ಕಾರಿನಲ್ಲಿ ಹೋಗುತ್ತಾರೆ. ಅಕ್ಕನ ಬ್ಯಾಗು ಮಾತ್ರ ಕಾರಿನ ಮುಂದಿನ ಸೀಟಿನಲ್ಲಿ ಕೂತಿರುತ್ತದೆ. ಬಸ್ಸು ನಡುದಾರಿಯ ತಳಕು ಎಂಬ ಊರಿನಲ್ಲಿ ನಿಂತರೆ ಭಾವನೂ ನಿಲ್ಲುತ್ತಾರೆ. ಅಕ್ಕ ಬಸ್ಸಿನ ಕಿಟಕಿಯಲ್ಲಿ ಮುಖವನ್ನು ಆ ಕಡೆ ತಿರುಗಿಸುತ್ತಾಳೆ. ಒಮ್ಮೆ ಕಂಡಕ್ಟರ್ ಅನುಮಾನದಿಂದ ಅಕ್ಕನನ್ನು ಕೇಳಿದನಂತೆ, “ಅಮ್ಮಾ, ಹಿಂದ್ಗಡೆ ಒಬ್ಬ ಮುದುಕ ಊರಿಂದ್ಲೂ ಬೆನ್ನು ಹತ್ತವ್ನೆ, ಯಾರು?” ಅದಕ್ಕೆ ಅಕ್ಕ, “ನನ್ನ ಲಗೇಜು ಹೊರೋನು” ಅಂದಳಂತೆ. ಇದನ್ನು ಅವಳೇ ನನಗೆ ಹೇಳಿದ್ದು, ಬಹಳ ತೃಪ್ತಿಯಿಂದ.

ಶ್ರಾವಣದಲ್ಲಿ ದಾಕ್ಷಾಯಿಣಿಯ ಹೊಸಮನೆಯ ಗೃಹಪ್ರವೇಶ ಬಂತು. ಬಂಧುಬಳಗವೆಲ್ಲ ಸೇರುವ ಜಾಗ. ಅಲ್ಲಿ ಹಿರಿಯಕ್ಕ ಬಸ್ಸಿನಿಂದಲೂ ಹಿರಿಯ ಅಳಿಯ ಕಾರಿನಿಂದಲೂ ಇಳಿದರೆ ಮನೆಯ ವಾಸ್ತು ಬಿಟ್ಟು ಜನ ಇವರಿಬ್ಬರನ್ನೇ ನೋಡುತ್ತಾರೆ. ಭಾವ ನನ್ನ ಅಂಗಡಿಗೆ ಬಂದು ಪೈಪಿನ ಮೇಲೆ ಕೂತರು.

“ಸಿದ್ಲಿಂಗೇಶ, ಈ ಸಲ ನಿಮ್ಮಕ್ಕ ನನ್ನ ಪಕ್ಕ ಕೂತ್ಕಂಡು ಮೊಳಕಾಲ್ಮೂರಿಗೆ ಬರ್ಲಿಲ್ಲ ಅಂದ್ರೆ ಕಾರು ಗುಜರಿಗೆ ಹಾಕ್ತೀನಿ. ಅವಳಿಲ್ದಿದ್ದ ಮ್ಯಾಲೆ ನಂಗ್ಯಾಕೆ ಕಾರು?”

“ಹೋಗಿ ಒಂದು ಮಾತು ತಪ್ಪಾಯ್ತು ಅನ್ನಿ ಭಾವ, ಮುಗೀತದೆ” ಎಂದೆ. ಅವರು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. “ಅದೆಲ್ಲ ಬ್ಯಾಡ. ಎರಡೂ ಸ್ಪ್ರಿಂಗ್ ಹೊಸಾವು ಹಾಕ್ತೀನಿ. ಕಾರು ನೆಟ್ಟಗೆ ನಿಂತ್ರೆ ಅವಳೇ ಕೂರ್ತಾಳೆ.”

ಸ್ಪ್ರಿಂಗುಗಳನ್ನು ದಾವಣಗೆರೆಯಲ್ಲಿರುವ ಅವರ ಮಗಳು ದೀಪಿಕಾ ಎಲ್ಲೆಲ್ಲೋ ಹುಡುಕಿಸಿ ಕಳಿಸಿದಳು. ಮೆಕ್ಯಾನಿಕ್ ಹತ್ತಿರ ಕೊಡಿ ಎಂದು ಅವಳು ಹೇಳಿದಳು, ನಾನೂ ಹೇಳಿದೆ. ತಾನೇ ಕೆಡಿಸಬಹುದಾದ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡುವುದು ಭಾವನ ಜಾಯಮಾನವಲ್ಲ. ಅವರು ಮೊಬೈಲಿನಲ್ಲಿ ಒಬ್ಬ ವಿದೇಶದವನು ತನ್ನ ಮನೆಯಂಗಳದಲ್ಲಿ ಕಾರಿನ ಸ್ಪ್ರಿಂಗ್ ಬದಲಾಯಿಸುವ ವಿಡಿಯೋವನ್ನು ಇಡೀ ವಾರ ನೋಡಿದರು. ಮಧ್ಯಾಹ್ನ ಅಕ್ಕ ಮಲಗಿರುವ ಹೊತ್ತಾದ್ದರಿಂದ ಸದ್ದು ಪೂರ್ತಿ ಕಡಿಮೆ ಮಾಡಿ ನೋಡಿದರು. ಅವನು ನಡುನಡುವೆ ಕೈಯೆತ್ತಿ, ಕಣ್ಣು ದೊಡ್ಡದು ಮಾಡಿ ಏನೋ ಹೇಳುತ್ತಿದ್ದ. ಬಹುಶಃ ‘ಹೀಗೆ ಮಾಡಬೇಡಿ, ಸಾಯುತ್ತೀರಿ’ ಎಂದಿರಬೇಕು. ಭಾವ ಅದನ್ನು ಉತ್ಸಾಹ ಎಂದುಕೊಂಡರು.

ಕೆಲಸಕ್ಕೆ ಜಾಗವೆಂದರೆ ಮನೆಯ ಹಿಂದಿನ ಸಿಮೆಂಟಿನ ಕಣ. ಹಿಂದೆ ಅಲ್ಲಿ ಶೇಂಗಾ ಒಣಗಿಸುತ್ತಿದ್ದರು, ಈಗ ಅಕ್ಕ ಮೆಣಸಿನಕಾಯಿ ಒಣಗಿಸುತ್ತಾಳೆ. ಭಾವನ ತಂದೆ ಮೇಸ್ತ್ರಿಯ ತಲೆಯ ಮೇಲೆ ನಿಂತು, ನೀರಿನ ಪೈಪು ಹಿಡಿಸಿ ಮಟ್ಟ ನೋಡಿ ಹಾಕಿಸಿದ ನೆಲ. ಗೋಲಿ ಬಿಟ್ಟರೆ ಉರುಳುವುದಿಲ್ಲ. ಮಳೆ ಬಂದರೆ ನೀರು ಯಾವ ಕಡೆಗೂ ಹೋಗಲಾರದೆ ಅಲ್ಲೇ ನಿಲ್ಲುತ್ತದೆ, ಅದು ಬೇರೆ ಮಾತು. ಬೀದಿಯಲ್ಲಿ ಚರಂಡಿಯ ಪಕ್ಕ ನಿಲ್ಲುತ್ತಿದ್ದ ಕಾರನ್ನು ತಂದು ಕಣದ ನಡುವೆ ನಿಲ್ಲಿಸಿದಾಗ ನನಗೆ ಏನೋ ವಿಚಿತ್ರವಾಗಿ ಕಂಡಿತು.

“ಭಾವ, ಕಾರು ಬಲಗಡೆಗೆ ವಾಲಿದಂಗೈತಲ್ಲ?”

“ನಿನ್ನ ಕಣ್ಣು ವಾರೆ” ಅಂದರು ಭಾವ. ಚಾಲಕ ಕೂರುವುದು ಬಲಗಡೆ.

ಸಹಾಯಕ್ಕೆ ಬಂದವನು ನನ್ನಿವಾಳದ ಗಾದ್ರಪ್ಪ. ಭಾವನ ಮಂಡಿ ಅಂಗಡಿಯಲ್ಲಿ ಹಮಾಲಿಯಾಗಿ ಜೀವಮಾನವಿಡೀ ಮೂಟೆ ಹೊತ್ತವನು. ಈಗ ಒಂದಿಷ್ಟು ಕುರಿ ಇಟ್ಟುಕೊಂಡಿದ್ದಾನೆ. ಬೇಕಾಗಲಿ ಬೇಡವಾಗಲಿ ಲೋಕದ ಭಾರವನ್ನೆಲ್ಲ ಅವನು ಇನ್ನೂ ಶೇಂಗಾ ಮೂಟೆಯಲ್ಲೇ ಅಳೆಯುತ್ತಾನೆ. ನನ್ನ ಮಗನ ಮದುವೆಯಲ್ಲಿ ಹೆಣ್ಣಿನ ಕಡೆಯವರನ್ನು ಒಬ್ಬೊಬ್ಬರನ್ನಾಗಿ ನೋಡಿ, ಇವರು ಒಂದೂವರೆ ಮೂಟೆ, ಅವರು ಎರಡು, ಎಂದು ಹೇಳಿ ನನ್ನ ಮಾನ ಕಳೆದಿದ್ದ.

ಮೊದಲನೇ ದಿನ ತುಕ್ಕು ಹಿಡಿದ ನಟ್ಟುಗಳು ಅಲ್ಲಾಡಲಿಲ್ಲ. ತುಕ್ಕಿಗೆ ಅಂಗಡಿಯಲ್ಲಿ ಬೇರೆ ಎಣ್ಣೆ ಸಿಗುತ್ತದೆ. ಆದರೆ ಎಣ್ಣೆ ಮಿಲ್ಲುಗಳ ಊರಿನವರಿಗೆ ಹೊರಗಿನ ಎಣ್ಣೆಯ ಮೇಲೆ ನಂಬಿಕೆ ಬರುವುದಾದರೂ ಹೇಗೆ? ಭಾವ ಅಡುಗೆಮನೆಯಿಂದ ಗಾಣದ ಶೇಂಗಾ ಎಣ್ಣೆ ತಂದು ನಟ್ಟುಗಳಿಗೆಲ್ಲ ಧಾರಾಳವಾಗಿ ಸುರಿದು, ಬೆಳಗಿನವರೆಗೆ ನೆನೆಯಲಿ ಎಂದು ಬಿಟ್ಟರು. ಬೆಳಗ್ಗೆ ಹೋಗಿ ನೋಡಿದರೆ ಕಾರಿನ ಕೆಳಗೆ ಇರುವೆಗಳ ಜಾತ್ರೆ. ಗಾದ್ರಪ್ಪನ ಜೊತೆ ಬಂದಿದ್ದ ಎರಡು ಕುರಿಗಳು ಮುಂಗಾಲು ಮಡಿಸಿ ಒಳಗೆ ತಲೆ ತೂರಿಸಿ ನಟ್ಟುಗಳನ್ನು ನೆಕ್ಕುತ್ತಿದ್ದವು. ಅವನ್ನು ಓಡಿಸಿ ಸ್ಪ್ಯಾನರ್ ಹಾಕಿದರೆ, ನಂಬುತ್ತೀರೋ ಬಿಡುತ್ತೀರೋ, ನಟ್ಟು ತಿರುಗಿತು.

“ನೋಡಿದ್ಯಾ ಗಾಣದ ಎಣ್ಣೆ ಮಹಿಮೆ!” ಎಂದರು ಭಾವ.

“ಎಣ್ಣೆ ಅಲ್ರೀ ಸಾವ್ಕಾರ್ರೆ, ಕುರಿ ನಾಲಿಗೆ” ಎಂದ ಗಾದ್ರಪ್ಪ. ಇದರ ಮೇಲೆ ಅವರಿಬ್ಬರೂ ಒಂದು ತಾಸು ವಾದ ಮಾಡಿದರು.

ಸ್ಪ್ರಿಂಗ್ ತೆಗೆಯುವ ಕ್ರಮ ಹೀಗೆ. ಕಾರಿನ ಮುಂಭಾಗವನ್ನು ಎತ್ತಿ ಮರದ ದಿಮ್ಮಿಗಳ ಮೇಲೆ ಕೂರಿಸಬೇಕು. ಚಕ್ರ ಬಿಚ್ಚಬೇಕು. ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳಿಗೆ ಜಾಕ್ ಕೊಟ್ಟು, ನಟ್ಟು ಬಿಚ್ಚಿ, ಜಾಕನ್ನು ನಿಧಾನವಾಗಿ ಇಳಿಸಬೇಕು. ಆ ತೋಳಿನ ಮೇಲೆ ಅಮುಕಿಕೊಂಡು ಕೂತಿರುವ ಸ್ಪ್ರಿಂಗ್ ಆಗ ಸಡಿಲವಾಗಿ ಹೊರಗೆ ಬರುತ್ತದೆ. ನಿಧಾನವಾಗಿ ಎಂಬ ಮಾತನ್ನು ವಿಡಿಯೋದವನು ಬಾಯಲ್ಲಿ ಹೇಳಿರಬೇಕು.

ಎಡಗಡೆಯ ಸ್ಪ್ರಿಂಗಿಗೆ, ಅಂದರೆ ಅಕ್ಕನ ಕಡೆಯದಕ್ಕೆ, ಮೊದಲು ಕೈ ಹಾಕಿದರು. ಹಾರಿ ಬಂದೀತು ಎಂಬ ಭಯಕ್ಕೆ ನಾನು ಗಾದ್ರಪ್ಪನ ಹೆಗಲ ಮೇಲಿದ್ದ ಕರೀಕಂಬಳಿಯನ್ನು ಅದಕ್ಕೆ ಸುತ್ತಿಸಿದೆ. ಅವನಿಗೆ ಇಷ್ಟವಿರಲಿಲ್ಲ. “ಕಂಬಳಿ ಅಂದ್ರೆ ದೇವ್ರ ಗದ್ದುಗೆ ಹಾಸೋದು ಸ್ವಾಮಿ. ಗ್ರೀಸ್ ಹತ್ತಿದ್ರೆ ದುರುಗಕ್ಕ ನನ್ನ ಮನೆ ಒಳೀಕೆ ಬಿಡಲ್ಲ” ಎಂದು ಹೆಂಡತಿಯ ಹೆಸರು ಹೇಳಿಕೊಂಡೇ ಕಂಬಳಿಗೆ ಕೈ ಮುಗಿದು ಕೊಟ್ಟ. ಭಾವ ಜಾಕನ್ನು ಗಕ್ಕನೆ ಇಳಿಸಿದರು.

ಕಂಬಳಿ ಹಾರಿತು. ಒಳಗಿನ ಸ್ಪ್ರಿಂಗ್ ಸಮೇತ ಕಣದ ಆ ತುದಿಗೆ ಹೋಗಿ ಮೆಣಸಿನಕಾಯಿ ರಾಶಿಯಲ್ಲಿ ಬಿದ್ದು ಉರುಳಿತು. ಕುರಿಗಳು ಗೇಟಿನಾಚೆ ಓಡಿದವು. ನಾವು ಮೂವರೂ ನೆಲಕ್ಕೆ ಮುಖ ಕೊಟ್ಟು ಮಲಗಿಬಿಟ್ಟಿದ್ದೆವು.

ಅಡುಗೆಮನೆಯ ಕಿಟಕಿ ಧಡ್ಡನೆ ತೆರೆಯಿತು. “ರೀ! ಯಾರಿಗೂ ಏನೂ ಆಗ್ಲಿಲ್ಲ ತಾನೆ?” ಅಕ್ಕನ ದನಿ ಕೀರಲಾಗಿತ್ತು. ಕಾರಿನ ವಿಷಯದಲ್ಲಿ ಯುಗಾದಿಯಾದ ಮೇಲೆ ಅವಳು ಭಾವನನ್ನು ಕೇಳಿದ ಮೊದಲನೇ ಪ್ರಶ್ನೆ ಅದು.

“ಏನಿಲ್ಲ, ಏನಿಲ್ಲ” ಎಂದರು ಭಾವ, ನೆಲದಿಂದಲೇ.

“ಹಂಗಾದ್ರೆ ಎದ್ದು ಮೆಣಸಿನಕಾಯಿ ಆರಿಸ್ರಿ” ಎಂದು ಕಿಟಕಿ ಮುಚ್ಚಿಕೊಂಡಿತು.

ಮೂವರೂ ಸೀನುತ್ತಾ ಮೆಣಸಿನಕಾಯಿ ಆರಿಸಿದೆವು. ಭಾವನ ಮುಖದಲ್ಲಿ ಮಾತ್ರ ಸಂತೋಷ ಇತ್ತು, ಮೂಗಿನಲ್ಲಿ ನೀರು ಸುರಿಯುತ್ತಿದ್ದರೂ. “ಕೇಳಿದ್ಲು ನೋಡು” ಎಂದು ನನ್ನ ಕಿವಿಯಲ್ಲಿ ಹೇಳಿದರು.

ಬಲಗಡೆಯ ಸ್ಪ್ರಿಂಗ್ ಸದ್ದಿಲ್ಲದೆ ಹೊರಗೆ ಬಂತು. ಎರಡನ್ನೂ ಒರೆಸಿ ಕಣದ ಮೇಲೆ ಅಕ್ಕಪಕ್ಕ ನಿಲ್ಲಿಸಿದೆವು. ಒಂದು ಎತ್ತರವಾಗಿತ್ತು, ಇನ್ನೊಂದು ಎರಡು ಬೆರಳಿನಷ್ಟು ಗಿಡ್ಡವಾಗಿತ್ತು. ಎತ್ತರದ್ದರ ಸುರುಳಿಯೊಳಗೆ ಒಂದು ಕೆಂಪು ಮೆಣಸಿನಕಾಯಿ ಸಿಕ್ಕಿಕೊಂಡಿತ್ತು.

ಗಾದ್ರಪ್ಪನಿಗೆ ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಗೊತ್ತಿಲ್ಲ. “ಸಾವ್ಕಾರ್ರೆ, ಮೆಣಸಿನಕಾಯಿ ಇರೋದು ಅಮ್ಮಾರ ಕಡೇದು. ಕುಸಿದಿರೋದು ನಿಮ್ದು” ಎಂದ.

ಕುಸಿಯದೆ ಏನಾಗುತ್ತದೆ? ಎಷ್ಟೋ ವರ್ಷ ಮಂಡಿಗೆ, ಬ್ಯಾಂಕಿಗೆ, ತೋಟಕ್ಕೆ ಆ ಕಾರಿನಲ್ಲಿ ಒಬ್ಬರೇ ಓಡಾಡಿದವರು ಭಾವ. ಅಕ್ಕ ಕೂತದ್ದು ಹಬ್ಬಕ್ಕೆ, ಮದುವೆಗೆ. ಹಾಗಾದರೆ ಅವತ್ತು ಟೀ ಅಂಗಡಿ ಎದುರು ಕಾರು ಎಡಕ್ಕೆ ವಾಲಿ ಕಂಡದ್ದು ಹೇಗೆ? ಅಲ್ಲಿ ರಸ್ತೆಯೇ ಎಡಕ್ಕೆ, ಚರಂಡಿಯ ಕಡೆಗೆ ಇಳಿಜಾರು. ಭಾವನ ಮನೆ ಮುಂದೆಯೂ ಅಷ್ಟೇ. ಮಟ್ಟವಾದ ನೆಲದ ಮೇಲೆ ಕಾರನ್ನು ನಿಲ್ಲಿಸಿ ನೋಡುವ ಬುದ್ಧಿ ಅಷ್ಟು ತಿಂಗಳು ಯಾರಿಗೂ ಬಂದಿರಲಿಲ್ಲ.

ಭಾವ ನನ್ನ ಕೈ ಹಿಡಿದುಕೊಂಡರು. “ನಿಮ್ಮಕ್ಕಂಗೆ ಹೇಳ್ಬ್ಯಾಡ ಕಣೋ. ಹೊಸಾವು ಹಾಕಿ ಇವನ್ನ ಗುಜರಿಗೆ ಕೊಟ್ಬಿಡಾನ.” ನನಗೆ ಸಿಟ್ಟು ಬಂತು. ಅಕ್ಕ ಬಸ್ಸಿನಲ್ಲಿ ನಿಂತುಕೊಂಡು ಪ್ರಯಾಣ ಮಾಡಿದ್ದನ್ನು ನಾನು ನೋಡಿದ್ದೇನೆ. ಆದರೆ ಗ್ರೀಸ್ ಮೆತ್ತಿದ ಆ ಮುಖ ನೋಡಿ ಸಿಟ್ಟು ತೋರಿಸಲಾಗಲಿಲ್ಲ. ಹೊಸ ಸ್ಪ್ರಿಂಗುಗಳ ಪೊಟ್ಟಣ ಬಿಚ್ಚಿದೆ.

ಹೊಸ ಸ್ಪ್ರಿಂಗ್ ಹಾಕುವಾಗ ನಿಜವಾದ ಪೇಚು ಶುರುವಾಯಿತು. ತೋಳಿನ ಮೇಲೆ ಸ್ಪ್ರಿಂಗ್ ನಿಲ್ಲಿಸಿ ಜಾಕ್ ಏರಿಸಿದರೆ ಅದು ಅಮುಕಿಕೊಳ್ಳಬೇಕು. ನಮ್ಮದು ಅಮುಕಿಕೊಳ್ಳದೆ ಇಡೀ ಕಾರನ್ನೇ ದಿಮ್ಮಿಯ ಮೇಲಿಂದ ಎತ್ತತೊಡಗಿತು. ವಿಡಿಯೋದವನ ಹತ್ತಿರ ಸ್ಪ್ರಿಂಗನ್ನು ಅಮುಕುವ ಬೇರೆ ಸಾಧನ ಇತ್ತು. ನಮ್ಮ ಹತ್ತಿರ ಇದ್ದದ್ದು ಗಾದ್ರಪ್ಪ.

“ಮ್ಯಾಲೆ ಭಾರ ಹೇರ್ಬೇಕ್ರೀ” ಎಂದ ಅವನು. ಮಡ್‌ಗಾರ್ಡಿನಿಂದ ಮಡ್‌ಗಾರ್ಡಿಗೆ ಹಲಗೆ ಹಾಕಿ ನಾನು ಮತ್ತು ಅವನು ಏರಿ ಕೂತೆವು. ಕಾರು ಎದ್ದೇ ಎದ್ದಿತು. ದನಕ್ಕೆಂದು ಇಟ್ಟಿದ್ದ ಶೇಂಗಾ ಹಿಂಡಿಯ ಚೀಲವನ್ನೂ ಹೇರಿದೆವು. ಊಹೂಂ. ಮನೆಯಲ್ಲಿ ಬೇರೆ ಮೂಟೆ ಇರಲಿಲ್ಲ, ಹೊಸ ಶೇಂಗಾ ಇನ್ನೂ ಹೊಲದಲ್ಲಿತ್ತು. ಗಾದ್ರಪ್ಪ ಹಲಗೆಯ ಮೇಲೆ ಕೂತೇ ಲೆಕ್ಕ ಹಾಕಿದ. “ಇನ್ನೊಂದು ಎರಡು ಮೂಟೆ ಬೇಕು ಸಾವ್ಕಾರ್ರೆ. ಎರಡು ಮೂಟೆ ಅಂದ್ರೆ…” ಎಂದವನೇ ಅಡುಗೆಮನೆಯ ಕಿಟಕಿಯ ಕಡೆ ನೋಡಿ ಬಾಯಿ ತೆರೆದ.

ಭಾವ ಹಾರಿ ಬಂದು ಗ್ರೀಸ್ ಕೈಯಿಂದಲೇ ಅವನ ಬಾಯಿ ಮುಚ್ಚಿದರು. ಐದು ಬೆರಳೂ ಅವನ ಕೆನ್ನೆಯ ಮೇಲೆ ಕಪ್ಪಗೆ ಮೂಡಿದವು.

“ಅಕ್ಕನ್ನ ಕರೀಲಾ ಭಾವ?” ಎಂದೆ ನಾನು ಮೆಲ್ಲಗೆ.

“ಬ್ಯಾಡ!” ಎಂದರು ಭಾವ. “ಒಂದ್ಸಲ ಅಂದಿದ್ದಕ್ಕೆ ಇಷ್ಟು ದಿನ ಖಾಲಿ ಸೀಟು ಇಟ್ಕಂಡು ಓಡಾಡೀನಿ. ಕಾರು ಹಿಂಗೇ ದಿಮ್ಮಿ ಮ್ಯಾಲೆ ಕೊಳೀಲಿ. ಅವಳನ್ನ ಭಾರಕ್ಕೆ ಅಂತ ಮಾತ್ರ ಕರೆಯಲ್ಲ.”

ಕಿಟಕಿ ಎಷ್ಟು ಹೊತ್ತಿನಿಂದ ತೆರೆದಿತ್ತೋ ಗೊತ್ತಿಲ್ಲ. ಹಿತ್ತಿಲ ಬಾಗಿಲಿನಿಂದ ಅಕ್ಕ ಹೊರಗೆ ಬಂದಳು. ನೇರವಾಗಿ ಹಳೇ ಸ್ಪ್ರಿಂಗುಗಳ ಹತ್ತಿರ ಹೋಗಿ ನಿಂತಳು.

“ಒಂದು ಗಿಡ್ಡ ಐತಲ್ಲ. ಯಾವ ಕಡೇದು?”

ಭಾವ ನನ್ನನ್ನು ನೋಡಿದರು. ನಾನು ಹಲಗೆಯ ಮೇಲೆ ಕೂತು ತೆಂಗಿನಮರ ನೋಡಿದೆ. ಗಾದ್ರಪ್ಪ ತಾನಾಗಿಯೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಭಾವ ಸುಳ್ಳು ಹೇಳಬಹುದಿತ್ತು. ನಾನಂತೂ ಹೇಳುತ್ತಾರೆ ಎಂದೇ ಎಣಿಸಿದ್ದೆ.

“ನಂದು” ಎಂದರು ಅವರು. “ನಿನ್ನ ಕಡೇದು ನೆಟ್ಟಗೈತೆ. ಅಲ್ಲಿ ರೋಡು ಚರಂಡಿ ಕಡೆ ಇಳಿಜಾರು ಐತೆ. ನಾನು ರೋಡು ನೋಡ್ಲಿಲ್ಲ.”

“ರೋಡು ನೋಡ್ದೆ ನನ್ನ ನೋಡಿದ್ರಿ” ಎಂದಳು ಅಕ್ಕ.

ಅಕ್ಕ ಎತ್ತರದ ಸ್ಪ್ರಿಂಗಿನಿಂದ ಮೆಣಸಿನಕಾಯಿಯನ್ನು ಬಿಡಿಸಿ ರಾಶಿಗೆ ಎಸೆದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, “ಇಳೀರಿ ಇಬ್ರೂ, ಆ ಹಿಂಡಿ ಚೀಲದ ಜೊತೆ ನಾನು ಕೂರಲ್ಲ. ಗಾದ್ರಪ್ಪ, ಕಂಬಳಿ ಹಾಸು. ಸಿದ್ಲಿಂಗೇಶ, ಸ್ಟೂಲ್ ತಾ” ಎಂದಳು.

ಕಂಬಳಿಯ ಮೇಲೆ, ಹಲಗೆಯ ನಡುವೆ, ನನ್ನ ಅಕ್ಕ ಕೂತ ಗತ್ತು ನೀವು ನೋಡಬೇಕಿತ್ತು. ಅವಳ ಎರಡು ಕಡೆ ನಾವಿಬ್ಬರು ಮತ್ತೆ ಏರಿ ಕೂತೆವು. ಭಾವ ಜಾಕ್ ಏರಿಸಿದರು, ಈ ಸಲ ನಿಧಾನವಾಗಿ, ಕೊಡ ತುಳುಕದಂತೆ ಎತ್ತುವವರ ಹಾಗೆ. ಕಾರು ಏಳಲಿಲ್ಲ. ಸ್ಪ್ರಿಂಗ್ ಕೀರ್ ಎಂದು ಅಮುಕಿಕೊಂಡು ತನ್ನ ಜಾಗದಲ್ಲಿ ಕೂತಿತು. ನಟ್ಟು ಬಿಗಿಯಾಯಿತು. ಎರಡನೆಯದೂ ಹಾಗೆಯೇ ಕೂತಿತು. ಭಾವನ ರಿಪೇರಿಗಳಲ್ಲಿ ಸರಿಯಾಗಿ ಮುಗಿದದ್ದು ಇದೊಂದೇ. ಗಾದ್ರಪ್ಪ ಹಲಗೆಯಿಂದಿಳಿದು ಕಪ್ಪು ಕೆನ್ನೆಯಲ್ಲೇ, “ಅಮ್ಮಾರಿಲ್ದಿದ್ರೆ ಆಗ್ತಿರ್ಲಿಲ್ಲ ಬಿಡ್ರಿ” ಎಂದ. ಮೂಟೆಯ ಲೆಕ್ಕ ಹೇಳಲಿಲ್ಲ.

ಗೃಹಪ್ರವೇಶದ ದಿನ ಅಕ್ಕ ರೇಷ್ಮೆ ಸೀರೆ ಉಟ್ಟು ಬಂದು ಕಾರಿನ ಮುಂದಿನ ಬಾಗಿಲು ತೆರೆದು ಕೂತಳು. ಬ್ಯಾಗು ಹಿಂದೆ ನನ್ನ ಪಕ್ಕಕ್ಕೆ ಬಂತು. ಅಕ್ಕನ ತೊಡೆಯ ಮೇಲೆ ಪೇಪರಿನಲ್ಲಿ ಸುತ್ತಿದ ಒಂದು ಗಂಟಿತ್ತು. ಕಾರು ಎರಡೂ ಕಡೆ ಸಮನಾಗಿ, ಮೂಗು ಸ್ವಲ್ಪ ಮೇಲೆತ್ತಿಕೊಂಡು ಹೊರಟಿತು. ಬಸ್ ಸ್ಟ್ಯಾಂಡಿನ ಹಂಪನ್ನು ಸದ್ದಿಲ್ಲದೆ ದಾಟಿತು.

“ನಿಲ್ಸಿ” ಎಂದಳು ಅಕ್ಕ. ಪೇಪರ್ ಬಿಚ್ಚಿದಳು. ಒಳಗೆ ಗಿಡ್ಡ ಸ್ಪ್ರಿಂಗ್. “ಎಲ್ಲಿ ಅಂದ್ರೋ ಅಲ್ಲೇ ಹೇಳ್ಬನ್ನಿ.”

ಭಾವ ಹೊಸ ಪಂಚೆಯಲ್ಲಿ ಇಳಿದರು. ಸ್ಪ್ರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಹಾಲೇಶಪ್ಪನ ಟೀ ಅಂಗಡಿಯ ಮುಂದೆ ನಿಂತರು. ಟೀ ಕುಡಿಯುತ್ತಿದ್ದವರೆಲ್ಲ ನೋಡಿದರು.

“ಹಾಲೇಶಪ್ಪ, ಅವತ್ತು ನಾನು ಅಂದಿದ್ನಲ್ಲ, ಅದು ಸುಳ್ಳು. ಕುಸಿದಿರೋದು ನನ್ನ ಕಡೇದು. ಇಗೋ ಇಲ್ಲೈತೆ.”

ಹಾಲೇಶಪ್ಪ ಸ್ಪ್ರಿಂಗನ್ನೂ ಭಾವನನ್ನೂ ನೋಡಿದ. “ಯಾವತ್ತು ಸಾವ್ಕಾರ್ರೆ? ಏನಂದಿದ್ರಿ?”

“ಯುಗಾದಿ ಮಾರನೇ ದಿನ. ಇವಳು ಕೂರೋ ಕಡೆ ಕೂತ್ಬಿಟ್ಟೈತೆ ಅಂತ…”

“ನಂಗೇನೂ ನೆನಪಿಲ್ಲ ಬಿಡ್ರಿ. ಈ ಹಂಪಲ್ಲಿ ದಿನಾ ಎಷ್ಟು ಗಾಡಿ ಕೂರ್ತವೋ, ಎಷ್ಟು ಜನ ಬೈದಾಡ್ತಾರೋ. ಟೀ ಕೊಡ್ಲಾ?”

ಭಾವ ಅರ್ಧ ಸಮಾಧಾನ, ಅರ್ಧ ಸೋಲು ಹೊತ್ತುಕೊಂಡು ವಾಪಸು ಬಂದು ಸ್ಟೀರಿಂಗ್ ಹಿಡಿದರು. “ನೋಡಿದ್ಯಾ? ಒಬ್ರಿಗೂ ನೆನಪಿಲ್ಲ. ನೀನೊಬ್ಳೇ ಇಷ್ಟು ದಿನ ಹಿಡ್ಕಂಡಿದ್ದೆ.”

“ಆ ಮಾತು ಹಾಲೇಶಪ್ಪ ಅಂದಿದ್ರೆ ನಾನೂ ಅವತ್ತೇ ಮರೀತಿದ್ದೆ” ಎಂದಳು ಅಕ್ಕ.

ಭಾವ ಗೇರ್ ಹಾಕಿದರು. ಊರು ದಾಟಿತು. ತಳಕು ದಾಟಿದ ಮೇಲೆ, ಎರಡು ಕಡೆ ಶೇಂಗಾ ಹೊಲಗಳು ಹಸಿರಾಗಿದ್ದ ಕಡೆ, ಭಾವ ರಸ್ತೆಯ ಮೇಲೆಯೇ ಕಣ್ಣಿಟ್ಟು ಮೆಲ್ಲಗೆ ಏನೋ ಹೇಳಿದರು.

ಅಕ್ಕ ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ. “ಏನಂದ್ರಿ? ಗಾಡಿ ಸದ್ದಿಗೆ ಕೇಳ್ಲಿಲ್ಲ.”

ಗಾಡಿ ಸದ್ದೇ ಮಾಡುತ್ತಿರಲಿಲ್ಲ. ಹಿಂದೆ ಕೂತಿದ್ದ ನನಗೇ ಚೆನ್ನಾಗಿ ಕೇಳಿತ್ತು.

“ತಪ್ಪಾಯ್ತು” ಎಂದು ಭಾವ ಇನ್ನೊಂದು ಸಲ ಹೇಳಿದರು.